ಖಾನಾವಳಿಯ ಅಡುಗೆಮನೆಯಲ್ಲಿ ಹದಿನಾಲ್ಕು ವಾರ

ಬಾಣಂತಿಯೊಬ್ಬಳ ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ವೈದ್ಯೆಯೊಬ್ಬರು ಆಕೆಯ ಜೊತೆ ನನಗೊಂದು ಚೀಟಿ ಕಳಿಸಿದ್ದರು. ಅದರಲ್ಲಿದ್ದದ್ದು ಇಷ್ಟೇ: "ರೊಟ್ಟಿ ಹಂಚಿನ ಮೇಲೆ ಕೈ ಜಾರಿತು ಎನ್ನುತ್ತಾರೆ. ಜಾರಿದ ಕೈ ಹೀಗೆ ಸುಡುವುದಿಲ್ಲ."

ನಿಜ. ಜಾರಿದ ಕೈಯನ್ನು ಮೈ ತಾನಾಗಿಯೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬೆರಳ ತುದಿಗೋ ಅಂಗೈಯ ಅಂಚಿಗೋ ಬೊಬ್ಬೆ ಏಳುತ್ತದೆ. ಆಕೆಯ ಬಲ ಅಂಗೈ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದೇ ಸಮನೆ ಬೆಂದಿತ್ತು. ಯಾರೋ ಒತ್ತಿ ಹಿಡಿದಿರಬೇಕು, ಇಲ್ಲವೇ ಆಕೆಯೇ ಇಟ್ಟುಕೊಂಡಿರಬೇಕು.

ನಾನು ಮನಶ್ಶಾಸ್ತ್ರಜ್ಞೆ. ಮಾತಿನ ಚಿಕಿತ್ಸೆ ನನ್ನ ಕೆಲಸ. ಗುಳಿಗೆ ಬರೆಯುವುದು ಮನೋವೈದ್ಯರ ಕೆಲಸ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಔಷಧಿ ಅಂಗಡಿಯೊಂದರ ಮೇಲೆ ನನ್ನ ಎರಡು ಕೋಣೆಗಳಿವೆ. ಅಲ್ಲಿಗೆ ಆಕೆ ಅತ್ತೆಯ ಜೊತೆ ಬಂದಳು. ಅತ್ತೆಯ ತೋಳಿನಲ್ಲಿ ಹನ್ನೊಂದು ವಾರದ ಹೆಣ್ಣುಕೂಸು. ತಾರಿಹಾಳದ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುವ ಗಂಡ ಕೆಳಗೆ ಬೈಕಿನ ಹತ್ತಿರವೇ ನಿಂತಿದ್ದ. ಮನೆ ಉಣಕಲ್ಲಿನಲ್ಲಿ. ಹೆತ್ತ ತಾಯಿ ಇಲ್ಲದ್ದರಿಂದ ಬಾಣಂತನವನ್ನು ಅತ್ತೆಯೇ ಮಾಡಿದ್ದರು.

"ಅತ್ತಿ ಹೊರಗ ಕೂಡ್ಲಿರಿ. ಕೂಸನ್ನೂ ತಗೊಂಡ ಹೋಗ್ಲಿ" ಎಂದಳು ಆಕೆ. ಅವರು ಹೋದ ಮೇಲೆ "ಚಿಲಕ ಹಾಕ್ರಿ" ಎಂದಳು. ಹಾಕಿದೆ. ನನ್ನ ಮೇಜಿನ ಮೇಲೆ ಕಾಗದ ಕತ್ತರಿಸುವ ಕತ್ತರಿ ಇತ್ತು. ಅದನ್ನೇ ನೋಡುತ್ತ, "ಅದನ್ನ ತಗದ ಇಡ್ರಿ" ಎಂದಳು. ಡ್ರಾಯರಿನಲ್ಲಿಟ್ಟೆ. ಆಮೇಲೆ ಮಾತು ಬಂತು, ನೆಲ ನೋಡುತ್ತ, ಏರಿಳಿತವಿಲ್ಲದೆ.

"ಉಳ್ಳಾಗಡ್ಡಿ ಹೆಚ್ಚಾಕತ್ತಿದ್ನಿರಿ. ಕೂಸು ಅಳಾಕ ಸುರು ಮಾಡ್ತು. ಆಗ ಕಣ್ಣ ಮುಂದ ಬಂತ್ರಿ. ನಾ ಅದರ ಕುತಗಿ ಹಿಡದು ಈಳಗಿ ಮ್ಯಾಲ ಇಟ್ಟಂಗ. ರಕ್ತಾನೂ ಕಂಡ್ತು."

"ಹಂಗ ಮಾಡಬೇಕು ಅನಸ್ತೇನವಾ?"

"ಇಲ್ರಿ. ಯಾವತ್ತೂ ಅನಸಿಲ್ರಿ. ಆದ್ರ ಮಾಡಿಬಿಟ್ರ?"

ಅದಾದ ಮೇಲೆ ಆ ಚಿತ್ರ ದಿನವೂ ಬರತೊಡಗಿತ್ತು. ಕೂಸಿಗೆ ನೀರು ಹಾಕುವಾಗ ಅದರ ಮುಖವನ್ನು ಬಿಸಿನೀರಿನಲ್ಲಿ ಒತ್ತಿ ಹಿಡಿದಂತೆ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಕೆಳಗೆ ಎಸೆದಂತೆ. ದಿನಕ್ಕೆ ಎಷ್ಟು ಸಲ ಎಂದು ಕೇಳಿದೆ. ಎಣಿಸುವುದನ್ನೇ ಬಿಟ್ಟಿದ್ದೇನೆ ಎಂದಳು. ಒಂದು ಮುಂಜಾನೆ ರೊಟ್ಟಿ ಬೇಯಿಸುವಾಗ ಕಾದ ಹಂಚಿನ ಮೇಲೆ ತಾನೇ ಅಂಗೈ ಊರಿದ್ದಳು.

"ಈ ಕೈ ಇದ್ರನ ಅದೆಲ್ಲಾ ಆಗೂದಲ್ರಿ? ಕೈ ಹೋದ್ರ ಕೂಸು ಉಳೀತದ ಅಂತ ಇಟ್ನಿ."

ಈ ಕಾಯಿಲೆಯ ಬಗ್ಗೆ ನಾನು ಓದಿದ್ದೆ. ಹೆರಿಗೆಯ ನಂತರ ಕೆಲವು ತಾಯಂದಿರಿಗೆ ಬೇಡದ ಹಿಂಸೆಯ ಚಿತ್ರಗಳು ಬೆನ್ನು ಹತ್ತುತ್ತವೆ, ಅವು ಬಂದಷ್ಟೂ ತಾಯಿ ಹೆದರುತ್ತಾಳೆ, ಹೆದರಿದಷ್ಟೂ ಅವು ಬರುತ್ತವೆ ಎಂದು ಗೊತ್ತಿತ್ತು. ಆದರೆ ಬಾಗಿಲಾಚೆ ಆ ಕೂಸು ಅತ್ತಾಗ ನಾನು ಹೆದರಿದೆ. ಎರಡು ದಿನ ಬಿಟ್ಟು ಧಾರವಾಡದ ಮನೋವೈದ್ಯರ ಬಳಿ ಸಮಯ ಗೊತ್ತುಮಾಡಿ, ಬಾಗಿಲಲ್ಲಿ ಅತ್ತೆಯನ್ನು ಕರೆದು, "ಡಾಕ್ಟರ್ ನೋಡೂ ಮಟ ಕೂಸನ್ನ ಈಕಿ ಹಂತ್ಯಾಕ ಒಂದ ಬಿಡಬ್ಯಾಡ್ರಿ" ಎಂದೆ. ಫೈಲಿನಲ್ಲಿ "ಮಗುವಿಗೆ ಅಪಾಯದ ಸಾಧ್ಯತೆ" ಎಂದು ಬರೆದು ಗೆರೆ ಎಳೆದೆ. ಅದೇ ಪುಟದ ಮುದ್ರಿತ ನಮೂನೆಯಲ್ಲಿ ಇನ್ನೊಂದು ಪ್ರಶ್ನೆ ಇದೆ: ಮನೆಯಲ್ಲಿ ನಿಮ್ಮನ್ನು ಯಾರಾದರೂ ಹೊಡೆಯುತ್ತಾರೆಯೇ? ಅದನ್ನು ನಾನು ಕೇಳಲೇ ಇಲ್ಲ.

ಎರಡನೆಯ ದಿನ ಆಕೆ ವೈದ್ಯರ ಬಳಿ ಹೋಗಲಿಲ್ಲ. ಫೋನ್ ಮಾಡಿದೆ. ಗಂಡ ಎತ್ತಿದ. "ಹುಚ್ಚೀನ ಸಂಭಾಳಸಾಕ ನಮಗ ಬರತೈತಿ. ನೀವು ಫೋನ್ ಇಡ್ರಿ" ಎಂದ.

ಮಧ್ಯಾಹ್ನ ಉಣಕಲ್ಲಿಗೆ ಹೋದೆ. ಗಂಡ ಕೆಲಸಕ್ಕೆ ಹೋಗಿದ್ದ. ಅತ್ತೆ ನನ್ನನ್ನು ನೋಡಿ ಮಾಳಿಗೆಯ ಮೆಟ್ಟಿಲು ಹತ್ತಿದರು. ಮೇಲಿನ ಕೋಣೆಗೆ ಹೊರಗಿನಿಂದ ಚಿಲಕ.

ಆಕೆ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಿರುಗಿಸಿದಾಗ ಎಡಗಣ್ಣು ಮುಚ್ಚಿಕೊಂಡಿತ್ತು. ಕೆಳತುಟಿ ಸೀಳಿತ್ತು. ಬೆನ್ನಿನ ಮೇಲೆ ಬೆಲ್ಟಿನ ಬಕಲಿನ ಚೌಕ ಗುರುತುಗಳು, ಒಂದರ ಪಕ್ಕ ಒಂದು. ಪಕ್ಕೆಲುಬಿಗೆ ಕೈ ತಾಗಿದರೆ ಉಸಿರು ಹಿಡಿಯುತ್ತಿದ್ದಳು, ಅಲ್ಲಿ ಒದ್ದಿದ್ದ. ಕೂಸನ್ನು, ನನ್ನ ಬಳಿ ಬಂದುಹೋದ ಸಂಜೆಯೇ, ನವಲಗುಂದದ ನಾದಿನಿಯ ಮನೆಗೆ ಕಳಿಸಿದ್ದರು. ಎರಡು ದಿನ ಹಾಲು ಕುಡಿಯುವವರಿಲ್ಲದೆ ಎದೆ ಕಲ್ಲಾಗಿ, ಮೈ ಕೆಂಡವಾಗಿ, ಹಲ್ಲು ಕಟಕಟಿಸುತ್ತಿತ್ತು. ಪಟ್ಟಿ ಕಟ್ಟಿದ ಕೈಯನ್ನೂ ಬಿಟ್ಟಿರಲಿಲ್ಲ. ಬಟ್ಟೆ ಗಾಯಕ್ಕೆ ಅಂಟಿ ಒಣಗಿತ್ತು.

"ಯಾಕ ಹೊಡದ್ರು?" ಎಂದು ಕೇಳಿದೆ. ಕೇಳಬೇಕಾದ ದಿನ ಕೇಳದೆ, ಈಗ.

"ನೀವು ಹೇಳಿದ್ದು ಅತ್ತಿ ನಮ್ಮ ಮನಿಯವರಿಗೆ ಹೇಳಿದ್ರು" ಎಂದಳು. ಮತ್ತೆ, "ಛಲೋ ಆತ್ ಬಿಡ್ರಿ ಮೇಡಂ. ಕೂಸು ದೂರ ಐತಿ. ಉಳಕೊಂತು" ಎಂದಳು.

ಹೊಡೆತ ತನಗೆ ತಕ್ಕದ್ದೇ ಎಂದು ಆಕೆ ನಂಬಿದ್ದಳು. ಆ ನಂಬಿಕೆಗೆ ಮುದ್ರೆ ಒತ್ತಿದವಳು ನಾನು. ಮನೆಯವರೆಲ್ಲ ಹೆದರಿದ್ದು ಯಾರಿಗೂ ಒಂದು ಏಟು ಹಾಕದ ಹೆಂಗಸಿಗೆ. ಬೆಲ್ಟು ಬಿಚ್ಚಿದವನಿಗೆ ಯಾರೂ ಹೆದರಿರಲಿಲ್ಲ, ನಾನೂ.

ಆಕೆಗೊಬ್ಬ ಅಕ್ಕ ಇದ್ದಾಳೆಂದು ತಿಳಿದು ಫೋನ್ ಮಾಡಿಸಿದೆ. ಧಾರವಾಡದ ಸಪ್ತಾಪುರದಲ್ಲಿ ವಿದ್ಯಾರ್ಥಿಗಳಿಗೆ ಊಟ ಹಾಕುವ ಸಣ್ಣ ಖಾನಾವಳಿ ನಡೆಸುವ ವಿಧವೆ. ಹಿಟ್ಟಿನ ಕೈಯಲ್ಲೇ ಸ್ಕೂಟರ್ ಹತ್ತಿ ಬಂದಳು. ಮೂವರೂ ಸೇರಿ ಆಕೆಯನ್ನು ಇಳಿಸಿ, ಧಾರವಾಡದ ಆಸ್ಪತ್ರೆಗೆಂದು ಆಟೋದಲ್ಲಿ ಕೂರಿಸಿದೆವು. ಆಕೆಯ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅತ್ತೆ. ಅಕ್ಕ ಹಿಂದೆ ಸ್ಕೂಟರಿನಲ್ಲಿ.

ನವನಗರ ದಾಟಿದ ಮೇಲೆ ಅತ್ತೆ ಮುಂದೆ ನೋಡುತ್ತಲೇ ಮಾತು ತೆಗೆದರು. "ಬಾಯಾರ, ಈ ನನ್ನ ಮಗಾ ಮೂರು ತಿಂಗಳ ಕೂಸಿದ್ದಾಗ ನಾ ಬಾವಿಗೆ ಹೋಗೂದ ಬಿಟ್ಟಿದ್ನಿ. ಕೊಡಾ ಇಳಿಬಿಡುವಾಗೆಲ್ಲಾ, ಅದರ ಬದ್ಲಿ ಇವನ್ನ ಬಿಟ್ಟಂಗ ಅನಸ್ತಿತ್ತು. ಗುಳುಂ ಅಂದ ಸಪ್ಪಳಾನೂ ಕೇಳಸ್ತಿತ್ತು."

"ಯಾರಿಗೆ ಹೇಳಿದ್ರಿ?"

"ಯಾರಿಗೆ ಹೇಳ್ಲಿ? ಸೊಂಟಾ ನೋವು ಅಂತ ಸುಳ್ಳ ಹೇಳಿ ನೀರು ತರೂದ ತಪ್ಪಸಗೊಂಡ್ನಿ. ವರಸ ಆಗೂದ್ರಾಗ ತಾನ ಹೋತು."

ಅವರ ಹೆಗಲಿಗೆ ಒರಗಿದ್ದವಳು ತೆರೆದಿದ್ದ ಒಂದೇ ಕಣ್ಣನ್ನು ಅವರ ಕಡೆ ತಿರುಗಿಸಿದಳು. "ಅತ್ತಿ, ಖರೇನ?"

"ಖರೇ ನನ್ನವ್ವಾ. ಅವತ್ತ ಹೇಳಬೇಕಿತ್ತ ನಿನಗ" ಎಂದರು ಅವರು.

ಆಸ್ಪತ್ರೆಯಲ್ಲಿ ಜ್ವರ ಇಳಿಯಲು ಮೂರು ದಿನ ಬೇಕಾಯಿತು. ಒಂದು ಪಕ್ಕೆಲುಬು ಬಿರುಕು ಬಿಟ್ಟಿತ್ತು. ಪೊಲೀಸರು ಬಂದಾಗ ಆಕೆ ಮೆಟ್ಟಿಲಿಂದ ಬಿದ್ದೆ ಎಂದಳು. ಅಕ್ಕ ಹಲ್ಲು ಕಚ್ಚಿ ಹೊರಗೆ ಹೋದಳು. ಆಕೆಯ ಮೇಲೆ ಒತ್ತಡ ಹಾಕಬೇಡವೆಂದು ನಾನೇ ತಡೆದೆ. ಹೊಡೆಸಿಕೊಂಡವಳ ಬಾಯಿಂದ ಮಾತನ್ನು ಜಗ್ಗಿ ತೆಗೆದರೆ ಅದೂ ಇನ್ನೊಂದು ಜಬರದಸ್ತಿಯೇ.

ಮನೋವೈದ್ಯರು ಹಿರಿಯರು, ಮಾತು ಕಡಿಮೆ. ಒಂದು ತಾಸು ಆಕೆಯನ್ನು ಪರೀಕ್ಷಿಸಿದರು. ಕಿವಿಯಲ್ಲಿ ಯಾರಾದರೂ ಆಜ್ಞೆ ಮಾಡುತ್ತಾರೆಯೇ, ಕೂಸಿನಲ್ಲಿ ಏನೋ ಹೊಕ್ಕಿದೆ ಎನಿಸುತ್ತದೆಯೇ, ನಿದ್ದೆಯೇ ಬೇಡವೆನಿಸುತ್ತದೆಯೇ, ದಿನ ವಾರಗಳ ಲೆಕ್ಕ ತಪ್ಪುತ್ತದೆಯೇ, ಆ ಚಿತ್ರ ಬಂದಾಗ ಸಮಾಧಾನವಾಗುತ್ತದೆಯೇ ಎಂದು ಕೇಳಿದರು. ಒಂದೊಂದಕ್ಕೂ ಇಲ್ಲ ಎಂದಳು. ಕೊನೆಯ ಪ್ರಶ್ನೆಗೆ ವಾಂತಿ ಬರುತ್ತದೆ ಎಂದಳು. ಅತ್ತೆಯನ್ನೂ ಅಕ್ಕನನ್ನೂ ಬೇರೆ ಬೇರೆ ಕೇಳಿ ಆ ಉತ್ತರಗಳನ್ನು ತಾಳೆ ನೋಡಿದರು.

"ಇದು ಹುಚ್ಚಲ್ಲರಿ, ಗೀಳು" ಎಂದರು ನನಗೆ. "ಹುಚ್ಚಿನ್ಯಾಗ ತಾಯಿಗೆ ತಾ ಮಾಡೂದು ಸರಿ ಅನಸ್ತದ. ಆಗ ಕೂಸನ್ನ ದೂರ ಇಡಲಿಕ್ಕೇ ಬೇಕು. ಈಕೀಗೆ ಆ ವಿಚಾರ ಬಂದ್ರ ಜೀವ ಹೋಗತದ. ಗುಳಗಿ ನಾ ಬರೀತೇನಿ, ಎದೀಹಾಲಿಗೆ ಅಡ್ಡಿ ಇಲ್ಲದ್ದು. ಕೂಸಿನ ವಿಷಯ ನೀವು ಹೇಳ್ರಿ. ಆಕಿ ಕೈಯಾಗ ಕೊಡೂದೋ ಬ್ಯಾಡೋ?"

ಒಂದು ತಾಸು ಸಮಯ ಕೇಳಿ ಆಸ್ಪತ್ರೆಯ ಹಿಂದಿನ ಬೇವಿನ ಕಟ್ಟೆಯ ಮೇಲೆ ಕುಳಿತೆ. ಕೂಸನ್ನು ದೂರ ಇಟ್ಟರೆ ಎಲ್ಲರಿಗೂ ನಿಶ್ಚಿಂತೆ. ಆದರೆ ತನ್ನ ಕೈ ನಿಜಕ್ಕೂ ಕೊಲ್ಲುವ ಕೈ ಎಂದು ಆಕೆಯ ಮನಸ್ಸು ಕಾಯಂ ಆಗಿ ನಂಬುತ್ತದೆ; ಮುಂದಿನ ಸಲ ಸುಟ್ಟುಕೊಳ್ಳುವುದು ಬರೀ ಅಂಗೈಯನ್ನಲ್ಲ. ಕೊಟ್ಟರೆ, ನಮ್ಮಿಬ್ಬರ ತಿಳಿವಳಿಕೆ ತಪ್ಪಾಗಿದ್ದರೆ? ಆ ತಪ್ಪಿಗೆ ತಿದ್ದುಪಡಿ ಇರುವುದಿಲ್ಲ. ಮೊದಲ ದಿನ ನಾನು ನಿರ್ಧಾರ ಮಾಡಿದ್ದು ನನ್ನ ಹೆದರಿಕೆಯಿಂದ. ಈಗ ಎದುರಿಗಿರುವುದು ಪರೀಕ್ಷೆ ಮಾಡಿ ತಿಳಿದ ಸಂಗತಿ. ಎದ್ದು ಹೋಗಿ, ಕೂಸನ್ನು ತಾಯಿಗೆ ಕೊಡೋಣ, ಆದರೆ ಆ ಮನೆಯಲ್ಲಿ ಅಲ್ಲ ಎಂದೆ.

ಅತ್ತೆ ಮರುದಿನ ತಾವೇ ನವಲಗುಂದದ ಬಸ್ಸು ಹತ್ತಿ ಕೂಸನ್ನು ತಂದು ಸಪ್ತಾಪುರದ ಅಕ್ಕನ ಮನೆಗೆ ತಲುಪಿಸಿದರು. ಮಗನಿಗೆ ಏನು ಹೇಳಿದರೋ ನನಗೆ ತಿಳಿಯದು.

ನಾನು ವಾರಕ್ಕೆ ಎರಡು ದಿನ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅಲ್ಲಿಗೆ ಹೋಗತೊಡಗಿದೆ. ಚಿಕಿತ್ಸೆಯ ತಿರುಳು ಸರಳ, ಮಾಡುವುದು ಕ್ರೂರ. ಯಾವುದಕ್ಕೆ ಹೆದರಿ ಓಡುತ್ತೇವೋ ಅದರ ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ ಕೂಡಬೇಕು. ಹೆದರಿಕೆ ಏರಿ, ನಿಂತು, ತಾನಾಗಿ ಇಳಿಯುವವರೆಗೆ ಏಳಬಾರದು. ಸೊನ್ನೆಯಿಂದ ನೂರರವರೆಗೆ ಹೆದರಿಕೆಗೆ ಅಂಕ ಹಾಕಿಸಿ ಪಟ್ಟಿ ಮಾಡಿದೆವು. ಎಲ್ಲಕ್ಕಿಂತ ಕೆಳಗೆ, ಕೂಸು ಬೇರೆ ಕೋಣೆಯಲ್ಲಿರುವಾಗ "ಕೊಲ್ಲು" ಎಂಬ ಶಬ್ದವನ್ನು ಗಟ್ಟಿಯಾಗಿ ಹೇಳುವುದು: ನಲವತ್ತು. ತಲೆಯಲ್ಲಿ ಬರುವ ಚಿತ್ರವನ್ನು ಕಾಗದದ ಮೇಲೆ ಬರೆದು ಇಪ್ಪತ್ತು ಸಲ ಓದುವುದು: ಐವತ್ತೈದು. ಒಬ್ಬಳೇ ಕೂಸಿಗೆ ನೀರು ಹಾಕುವುದು: ಎಂಬತ್ತು. ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ಈಳಿಗೆಮಣೆಯ ಮೇಲೆ ಕೂತು ಉಳ್ಳಾಗಡ್ಡಿ ಹೆಚ್ಚುವುದು: ನೂರು.

ಮೊದಲ ದಿನ ಆ ಶಬ್ದ ಹೇಳಲು ಮುಕ್ಕಾಲು ತಾಸು ಹಿಡಿಯಿತು. ಹೇಳಿದ ಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿ ಬಂದಳು. ಮತ್ತೆ ಹೇಳಿಸಿದೆ. ಅಕ್ಕ ಅಡುಗೆಮನೆಯಿಂದ ಬಂದು, "ಏನ್ ಹಚ್ಚೀರಿ ಮೇಡಂ? ಬಾಣಂತಿ ಬಾಯಾಗ ಇಂಥಾ ಮಾತ ಆಡಸತೀರಿ?" ಎಂದು ಜಗಳಕ್ಕೆ ನಿಂತಳು. ಅವಳನ್ನು ಕೂರಿಸಿ ವಿವರಿಸಿದೆ. ಅವಳಿಗೂ ಒಂದು ಪಥ್ಯವಿತ್ತು. ತಂಗಿ ದಿನಕ್ಕೆ ಹತ್ತಾರು ಸಲ "ಅಕ್ಕಾ, ನಾ ಮಾಡೂದಿಲ್ಲಲ್ಲ?" ಎಂದು ಕೇಳಿದಾಗ "ನೀ ಅಂಥಾಕಿ ಅಲ್ಲಾ" ಎನ್ನಬಾರದು. ಹಾಗೆಂದರೆ ಅರ್ಧ ತಾಸು ನೆಮ್ಮದಿ, ಆಮೇಲೆ ಅದೇ ಪ್ರಶ್ನೆ ಇಮ್ಮಡಿ ಹಸಿವಿನಿಂದ ಬರುತ್ತದೆ. "ಗೊತ್ತಿಲ್ಲವಾ, ಹಿಟ್ಟು ನಾದು ಬಾ" ಎನ್ನಬೇಕು. ಇದನ್ನು ಕಲಿಯುವಾಗ ಅಕ್ಕನಿಗೆ ಬಂದಷ್ಟು ಅಳು ತಂಗಿಗೂ ಬರಲಿಲ್ಲ.

ನಾಲ್ಕನೆಯ ವಾರ ಚಿಕಿತ್ಸೆ ಕೆಸರಿನಲ್ಲಿ ಸಿಕ್ಕ ಚಕ್ಕಡಿಯಂತೆ ನಿಂತುಬಿಟ್ಟಿತು. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ತಾಸು ಕೂತರೂ ಹೆದರಿಕೆಯ ಅಂಕ ಎಪ್ಪತ್ತರಿಂದ ಕೆಳಗಿಳಿಯದು. ಆಕೆಯ ತುಟಿಯನ್ನೇ ಗಮನಿಸಿದೆ. ಅದು ಸಣ್ಣಗೆ ಅಲುಗುತ್ತಿತ್ತು.

"ಏನ್ ಅನ್ನಾಕತ್ತೀಯವಾ?"

"ಶಿವನ ಹೆಸರು ತಗೋತೇನ್ರಿ. ಹನ್ನೊಂದ ಸಲ. ನಡುವ ಆ ಚಿತ್ರ ಬಂದ್ರ ಮತ್ತ ಮೊದಲಿಂದ."

ಬೆಳಿಗ್ಗೆ ಪೂಜೆಯಲ್ಲಿ ಎಷ್ಟು ಬೇಕಾದರೂ ಶಿವನನ್ನು ನೆನೆ, ಆದರೆ ಈ ವಿಚಾರವನ್ನು ಓಡಿಸಲು ಶಿವನನ್ನು ಕಾವಲಿಗೆ ಕರೆಯಬೇಡ ಎಂದೆ. "ಅವನ್ನೂ ಬಿಟ್ರ ನನಗ ಯಾರದಾರ್ರಿ?" ಎಂದಳು. "ಹತ್ತು ನಿಮಿಷ ಬಿಟ್ಟು ನೋಡು" ಎಂದೆ. ಆ ಹತ್ತು ನಿಮಿಷ ಆಕೆಯ ಬೆವರು ಕೂಸಿನ ಟೊಪ್ಪಿಗೆಯ ಮೇಲೆ ಹನಿಯಿತು. ಅದರ ಮುಂದಿನ ವಾರದಿಂದ ಅಂಕ ಇಳಿಯತೊಡಗಿತು. ಏಳನೆಯ ವಾರ ಒಬ್ಬಳೇ ಕೂಸಿಗೆ ನೀರು ಹಾಕಿದಳು.

ಒಂಬತ್ತನೆಯ ವಾರ ನೂರರ ಮೆಟ್ಟಿಲು. ಅಕ್ಕ ಸಂತೆಗೆ ಹೋಗಿದ್ದಳು, ಬೇಕೆಂದೇ ಕಳಿಸಿದ್ದೆವು. ಆಕೆ ಅಡುಗೆಮನೆಯ ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಕೂತಿದ್ದಳು. ಮೊಳದಾಚೆ ಚಾದರದ ಮೇಲೆ ಕೂಸು. ನಾನು ಆಚೆ ಊಟದ ಪಡಸಾಲೆಯಲ್ಲಿ, ಆಕೆಗೆ ಕಾಣದಂತೆ ಬಾಗಿಲ ಬದಿಗೆ ಕುಳಿತಿದ್ದೆ.

ಗಂಡ ಬಂದದ್ದು ಹಿತ್ತಲಿನಿಂದ. ನಾನು ಎದ್ದು ಒಳಗೆ ಹೋಗುವಷ್ಟರಲ್ಲಿ ಆಕೆಯ ಕೂದಲು ಅವನ ಮುಷ್ಟಿಯಲ್ಲಿತ್ತು. "ಈಳಗಿ ಮುಂದ ಮಲಗಿಸೀ? ಕೊಲ್ಲಾಕ ಕುಂತೀಯೇನ?" ಎಂದು ಆಕೆಯ ತಲೆಯನ್ನು ಒಲೆಯ ಕಟ್ಟೆಯ ಅಂಚಿಗೆ ಬಡಿದ. ನಾನು ಅವನ ತೋಳು ಹಿಡಿದೆ. ಜಾಡಿಸಿದ ರಭಸಕ್ಕೆ ಬಾಗಿಲ ಚೌಕಟ್ಟಿಗೆ ಬಿದ್ದೆ. ಹುಬ್ಬು ಒಡೆದು ಒಂದು ಕಣ್ಣಿಗೆ ರಕ್ತ ತುಂಬಿತು. ಇನ್ನೊಂದು ಕಣ್ಣಿನಿಂದ ಕಂಡದ್ದನ್ನು ಮುಂದೆ ನ್ಯಾಯಾಲಯದಲ್ಲೂ ಹೇಳಿದ್ದೇನೆ. ಈಳಿಗೆ ಆಕೆಯ ಕಾಲಬುಡದಲ್ಲಿತ್ತು. ಅವನು ಬಾಗಿ ಕೂಸಿನ ಒಂದು ಕಾಲು ಹಿಡಿದು ಎತ್ತಲು ಹೋದ. ಆಕೆ ಮೊದಲು ಮಾಡಿದ್ದು, ಮಣೆಯನ್ನು ಕಾಲಿನಿಂದ ಒದ್ದು ಕಟ್ಟೆಯ ಕೆಳಗಿನ ಸಂದಿಗೆ ತಳ್ಳಿದ್ದು. ಆಮೇಲೆ ಕೂಸಿನ ಮೇಲೆ ಬೋರಲಾಗಿ ಬಿದ್ದಳು, ಮೊಣಕೈ ಊರಿ, ಭಾರ ಬೀಳದಂತೆ. ಅವನು ಒದ್ದ. ಬೂಟುಗಾಲಿನಿಂದ ಅದೇ ಪಕ್ಕೆಗೆ, ಬೆನ್ನಿಗೆ, ತಲೆಯ ಹಿಂಭಾಗಕ್ಕೆ. ಕಟ್ಟೆಯ ಮೇಲಿದ್ದ ಲಟ್ಟಣಿಗೆ ತೆಗೆದುಕೊಂಡು ಹೊಡೆದ. ಮೊಣಕೈ ಕದಲಲಿಲ್ಲ.

ನನ್ನ ಕೂಗು ಕೇಳಿ ಮೇಲಿನ ಬಾಡಿಗೆ ಕೋಣೆಗಳಿಂದ ಓಡಿಬಂದ ವಿದ್ಯಾರ್ಥಿಗಳು ಅವನನ್ನು ಎಳೆದು ಪೊಲೀಸರು ಬರುವವರೆಗೆ ಕಂಬಕ್ಕೆ ಒತ್ತಿ ಹಿಡಿದರು. ಕೂಸಿನ ಕಾಲಿನ ಮೇಲೆ ಬೆರಳ ಗುರುತು ಬಿಟ್ಟರೆ ಗಾಯವಿರಲಿಲ್ಲ. ಆಕೆಯ ಎಡ ಮುಂಗೈ ಮುರಿದಿತ್ತು. ನನ್ನ ಹುಬ್ಬಿಗೆ ನಾಲ್ಕು ಹೊಲಿಗೆ. ಈ ಸಲ ಆಕೆ ಮೆಟ್ಟಿಲಿನಿಂದ ಬಿದ್ದೆ ಎನ್ನಲಿಲ್ಲ. ಪೊಲೀಸರ ಮುಂದೆ ನಡೆದದ್ದನ್ನು ನಡೆದಂತೆ ಹೇಳಿ ಸಹಿ ಮಾಡಿದಳು.

ಅಕ್ಕ ಎಲ್ಲರಿಗೂ, "ನೋಡ್ರಿ, ಕೂಸಿನ ಸಲುವಾಗಿ ಜೀವಾ ಕೊಡಾಕ ನಿಂತಾಕಿ ಅದು. ಇನ್ನ ಆ ರೋಗ ಎಲ್ಲಿಂದ?" ಎಂದು ಹೇಳಿಕೊಂಡು ಬಂದಳು. ನನಗೂ ಹಾಗೆ ನಂಬುವ ಆಸೆ ಇತ್ತು. ಆದರೆ ಗೀಳು ಸಾಕ್ಷಿಯಿಂದ ಸಾಯುವುದಿಲ್ಲ. ಅದು ನಾಳೆ ಮತ್ತೆ ಹೊಸ ಸಾಕ್ಷಿ ಕೇಳುತ್ತದೆ. ಮುಂದಿನ ವಾರ ಚಿತ್ರಗಳು ಮೊದಲಿಗಿಂತ ಹೆಚ್ಚಾದವು. ಅವುಗಳಲ್ಲಿ ಈಗ ಲಟ್ಟಣಿಗೆಯೂ ಸೇರಿತ್ತು. ಮುರಿದ ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಎರಡು ಮೆಟ್ಟಿಲು ಕೆಳಗಿನಿಂದ ಮತ್ತೆ ಶುರು ಮಾಡಿದೆವು. ಹದಿನಾಲ್ಕನೆಯ ವಾರ, ಮತ್ತೆ ಈಳಿಗೆಯ ಮುಂದೆ ಕೂಸಿನ ಜೊತೆ ಕೂತವಳನ್ನು ಹೆದರಿಕೆಯ ಅಂಕ ಎಷ್ಟು ಎಂದು ಕೇಳಿದಾಗ, ಸ್ವಲ್ಪ ಯೋಚಿಸಿ, "ಹದಿನೈದ ಇರಬೇಕ್ರಿ. ಬರತೈತ್ರಿ, ಕುಂಡ್ರತೈತಿ, ಹೋಗತೈತಿ. ನಾ ಏಳೂದಿಲ್ಲ" ಎಂದಳು.

ರಕ್ಷಣಾ ಆದೇಶ ಕೋರಿ ಆಕೆ ಧಾರವಾಡದ ನ್ಯಾಯಾಲಯಕ್ಕೆ ಹೋದಳು. ಜಾಮೀನಿನ ಮೇಲೆ ಹೊರಬಂದಿದ್ದ ಗಂಡ, ತಾಯಿಗೆ ಬುದ್ಧಿ ಸ್ವಾಧೀನವಿಲ್ಲ, ಕೂಸನ್ನು ತನಗೆ ಕೊಡಬೇಕು ಎಂದು ಎದುರು ಅರ್ಜಿ ಹಾಕಿದ. ಅತ್ತೆಯನ್ನು ಸಾಕ್ಷಿಗೆ ಬರುತ್ತೀರಾ ಎಂದು ಅಕ್ಕ ಕೇಳಿದಳು. "ನಾ ಬರೂದಿಲ್ಲವಾ. ಹೆತ್ತ ಮಗಾ ಅದಾನ" ಎಂದರಂತೆ. ಅವನ ಪರವಾಗಿಯೂ ಅವರು ಬರಲಿಲ್ಲ.

ಏನಾಯಿತೆಂಬುದನ್ನು ಮೊದಲೇ ಹೇಳುತ್ತೇನೆ. ಕೂಸು ತಾಯಿಯ ಬಳಿಯೇ ಉಳಿಯಿತು. ಖಾನಾವಳಿಯ ಓಣಿಗೆ ಅವನು ಕಾಲಿಡುವಂತಿಲ್ಲ ಎಂದು ಮಧ್ಯಂತರ ಆದೇಶವಾಯಿತು. ಹಲ್ಲೆಯ ಮೊಕದ್ದಮೆ ಇನ್ನೂ ನಡೆದಿದೆ. ಆಕೆ ಓದಿ ಒಪ್ಪಿದ ಮೇಲೆಯೇ ಇದನ್ನು ಪ್ರಕಟಣೆಗೆ ಕೊಟ್ಟಿದ್ದೇನೆ.

ವಿಚಾರಣೆಯ ದಿನ ನ್ಯಾಯಾಲಯದ ಆದೇಶದಂತೆ ನನ್ನ ಫೈಲು ಮೇಜಿನ ಮೇಲಿತ್ತು. ಗಂಡನ ವಕೀಲರು ಅದರ ಮೊದಲ ಪುಟ ತೆರೆದು, ನಾನು ಗೆರೆ ಎಳೆದಿದ್ದ ಸಾಲನ್ನು ಎರಡು ಸಲ ಓದಿದರು. ಇದು ನಿಮ್ಮ ಅಕ್ಷರವೇ ಎಂದು ಕೇಳಿದರು. ಹೌದು ಎಂದೆ. ಪರೀಕ್ಷೆಗೆ ಮುಂಚೆ ಹೆದರಿ ಬರೆದದ್ದು, ಅದು ತಪ್ಪು. ಆ ದಿನ ಆಕೆಗಿದ್ದ ಅಪಾಯವನ್ನು ನಾನು ಕೇಳಿಯೂ ಇರಲಿಲ್ಲ, ಆ ಜಾಗ ಖಾಲಿ ಇದೆ, ನೋಡಿ ಎಂದೆ. ಇಪ್ಪತ್ತು ವರ್ಷದ ಕೆಲಸದಲ್ಲಿ ತುಂಬಿದ ಕೋಣೆಯ ಎದುರು ಹಾಗೆ ಹೇಳಿದ್ದು ಅದೊಂದೇ ಸಲ.

ವಕೀಲರು ಆಕೆಯ ಕಡೆ ತಿರುಗಿದರು. "ಕೂಸನ್ನು ಕೊಲ್ಲುವ ವಿಚಾರ ನಿಮಗೆ ಬಂದಿತ್ತೋ ಇಲ್ಲವೋ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ."

ಆಕೆಯ ವಕೀಲೆ ಆಕ್ಷೇಪಿಸಲು ಎದ್ದರು. ಆಕೆ ಕೈಯೆತ್ತಿ ಅವರನ್ನು ತಡೆದಳು.

"ಹೌದ್ರಿ, ಬಂದಿತ್ತು. ಈಗೂ ಒಮ್ಮೊಮ್ಮೆ ಬರತೈತ್ರಿ. ವಿಚಾರ ಬಂದದ್ದು ನನಗರಿ. ಹೊಡದದ್ದು ಅವರು."

ನ್ಯಾಯಾಧೀಶೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಆಕೆಯನ್ನು ನೋಡಿದರು. ಟೈಪ್ ಮಾಡುವವರಿಗೆ ಸಿಗಲಿಲ್ಲ, ಇನ್ನೊಮ್ಮೆ ಹೇಳಿ ಎಂದರು. ಆಕೆ ಸೆರಗು ಸರಿಪಡಿಸಿಕೊಂಡು ಒಂದೊಂದೇ ಶಬ್ದವಾಗಿ, ಅವರು ಬರೆದುಕೊಳ್ಳುವಷ್ಟು ನಿಧಾನವಾಗಿ, ಅದನ್ನೇ ಇನ್ನೊಮ್ಮೆ ಹೇಳಿದಳು.